ಎಕ್ಸ್‌ಕ್ಯಾಲಿಡ್ರಾದಲ್ಲಿ ಆನೆ ಓಡಿಸುತ್ತಾ 2 ವರ್ಷ

ಎಕ್ಸ್‌ಕ್ಯಾಲಿಡ್ರಾ ಅಂದರೆ ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ಸಾಧನ, ನಾನು ಅದರಲ್ಲಿ ಬೋರ್ಡ್ ಗೇಮಿನ ಪಟ ಬರೆಯುತ್ತೇನೆ. ಬೋರ್ಡ್ ಗೇಮ್ ಮಾಡುವ ಹುಚ್ಚು ನನಗೆ ಹತ್ತಿದ್ದು ಹುಲಿ-ಕುರಿ ಆಟದಿಂದ. ನಾವು ಆಡುತ್ತಿದ್ದ ಪಟದಲ್ಲಿ 23 ಮನೆ, 3 ಹುಲಿ, 15 ಕುರಿ. ಅದೇ ಥರದ ಗೆರೆಗಳ ಮೇಲೆ ಆನೆ ಮತ್ತು ಕಾಫಿ ತೋಟದ ಆಟ ಮಾಡಿದರೆ ಹೇಗೆ ಅಂತ ತಲೆಗೆ ಬಂತು. ಕಾಡಾನೆ ತೋಟಕ್ಕೆ ನುಗ್ಗುವ ವಿಷಯ ಸಕಲೇಶಪುರದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಒಬ್ಬರು ಆನೆ, ಉಳಿದವರು ತೋಟದವರು. ಆನೆಯನ್ನು ಹೊಡೆಯುವ ಹಾಗಿಲ್ಲ, ವಾಪಸ್ ಕಾಡಿಗೆ ಅಟ್ಟಬೇಕು ಅಷ್ಟೇ.

ಮೊದಲು ಡ್ರಾಯಿಂಗ್ ಶೀಟಿನಲ್ಲಿ ಬರೆದೆ. ಅಳಿಸಿ ಅಳಿಸಿ ಹಾಳೆ ಹರಿಯಿತು. ಆಮೇಲೆ ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ಇಂಕ್‌ಸ್ಕೇಪ್ ಹಿಡಿದೆ. ಒಳ್ಳೆಯ ಸಾಧನವೇ, ಆದರೆ ನಾನು ಸರಿಯಿಲ್ಲ. ಕಾಫಿ ಗಿಡಕ್ಕೆ ಯಾವ ಹಸಿರು ಅಂತ ಎರಡು ಭಾನುವಾರ ಕೂತೆ. ಕೊನೆಗೆ ಅಕ್ಕ ಆಡಿ ನೋಡಿ "ಬೋರು ಕಣೋ" ಅಂದಾಗ ಅವಳ ಜೊತೆ ಜಗಳಕ್ಕೇ ನಿಂತೆ. ಅಷ್ಟು ಚೆಂದದ ಹಸಿರನ್ನು ಬಿಸಾಕಲು ಮನಸ್ಸು ಬರಬೇಕಲ್ಲ!

ಎಕ್ಸ್‌ಕ್ಯಾಲಿಡ್ರಾ ಸಿಕ್ಕಿದ್ದು ಆಗ. ಬ್ರೌಸರಿನಲ್ಲೇ ತೆರೆಯುತ್ತದೆ, ಲಾಗಿನ್ ಕೇಳುವುದಿಲ್ಲ, ದುಡ್ಡೂ ಇಲ್ಲ. ದುಡ್ಡು ಕೊಡುವ ಆವೃತ್ತಿ ಬೇರೆ ಇದೆ, ನನಗಿನ್ನೂ ಬೇಕಾಗಿಲ್ಲ. ಇಲ್ಲಿ ಏನೇ ಎಳೆದರೂ ಕೈಯಲ್ಲಿ ಗೀಚಿದ ಹಾಗೆ ಸೊಟ್ಟಗೆ ಕಾಣುತ್ತದೆ. ನೋಡಿದವರಿಗೆ ಇದು ಇನ್ನೂ ಮುಗಿದಿಲ್ಲ ಅಂತ ತಾನಾಗಿ ಗೊತ್ತಾಗುತ್ತದೆ. ಹಾಗಾಗಿ ಯಾರೂ ಬಣ್ಣದ ಮಾತೆತ್ತುವುದಿಲ್ಲ. "ಆನೆ ಒಂದೇ ಸರದಿಯಲ್ಲಿ ಎರಡು ಮನೆ ಯಾಕೆ ಹೋಗಬೇಕು?" ಅಂತ ಕೇಳುತ್ತಾರೆ. ನನಗೂ ಅಳಿಸುವಾಗ ಹೊಟ್ಟೆ ಉರಿಯುವುದಿಲ್ಲ.

ಒಂದು ಕಿವಿಮಾತು. ಮನೆಗಳ ನಡುವಿನ ದಾರಿಗೆ ಸಾದಾ ಗೆರೆ ಬಳಸಬೇಡಿ, ಬಾಣ ಬಳಸಿ, ಅದರ ಮೂತಿ ತೆಗೆದುಬಿಡಿ. ಬಾಣದ ಎರಡೂ ತುದಿ ಮನೆಗಳ ವೃತ್ತಗಳಿಗೆ ಅಂಟಿಕೊಳ್ಳುತ್ತವೆ. ಆಮೇಲೆ ಮನೆಯನ್ನು ಎಲ್ಲಿಗೆ ಎಳೆದರೂ ದಾರಿಯೂ ಜೊತೆಗೆ ಬರುತ್ತದೆ. ಇದು ತಿಳಿಯುವ ಮುಂಚೆ ಪಟದಲ್ಲಿ ಕೆರೆಯ ಮನೆಯೊಂದನ್ನು ಸರಿಸಿದರೆ ಆರು ಗೆರೆ ಮತ್ತೆ ಎಳೆಯಬೇಕಿತ್ತು. ನನ್ನ ಪಟ 23 ಮನೆಯಿಂದ 41ಕ್ಕೆ ಹೋಗಿ, ಈಗ 27ಕ್ಕೆ ಬಂದು ನಿಂತಿದೆ. ಕಾಗದದಲ್ಲಾಗಿದ್ದರೆ 41ರಲ್ಲೇ ಕೈ ಬಿಡುತ್ತಿದ್ದೆ.

ಲಿಂಕ್ ಕಳಿಸಿದರೆ ದೂರದಲ್ಲಿರುವವರೂ ಅದೇ ಪಟದ ಮೇಲೆ ಕಾಯಿ ನಡೆಸಬಹುದು. ಅಕ್ಕ ಊರಿನಿಂದ ಫೋನಿನಲ್ಲಿ ಆಡಿದಳು. ಯಾವಾಗಲೂ ಅವಳೇ ಆನೆ. ಮೊದಲ ದಿನ ಅವಳು ಬೆರಳಿಟ್ಟರೆ ಕಾಯಿಯ ಬದಲು ತೋಟವೇ ಎದ್ದು ಬರುತ್ತಿತ್ತು. ಪಟವನ್ನೆಲ್ಲ ಆಯ್ದು ಲಾಕ್ ಮಾಡಿದ ಮೇಲೆ ಸರಿಹೋಯಿತು. ಆದರೂ ಫೋನಿನಲ್ಲಿ ಆಡುವುದು ತ್ರಾಸವೇ. ಕನ್ನಡ ಒತ್ತಕ್ಷರ ಸರಿಯಾಗಿ ಮೂಡುತ್ತವೆ. ಆದರೆ ಕೈಬರಹದ ಫಾಂಟಿನಲ್ಲಿ ಕನ್ನಡ ಇಲ್ಲ, ಹಾಗಾಗಿ ಸೊಟ್ಟ ಗೆರೆಗಳ ನಡುವೆ ಅಕ್ಷರ ಮಾತ್ರ ಇಸ್ತ್ರಿ ಹಾಕಿದ ಹಾಗೆ ನಿಂತಿರುತ್ತವೆ.

ಇಲ್ಲಿ ಗುಟ್ಟು ಅನ್ನುವುದೇ ಇಲ್ಲ. ಎಲ್ಲರಿಗೂ ಎಲ್ಲವೂ ಕಾಣುತ್ತದೆ. ದಾಳ ಉರುಳಿಸಲು, ಕಾರ್ಡ್ ಕಲೆಸಲು ದಾರಿಯಿಲ್ಲ. ದಾಳವನ್ನು ವಿಡಿಯೊ ಕರೆಯಲ್ಲಿ ಮೇಜಿನ ಮೇಲೇ ಉರುಳಿಸಿದೆವು. ಆದರೆ ಸೋಲಾರ್ ಬೇಲಿ, ಕಂದಕ, ಪಟಾಕಿ, ರೈಲ್ವೆ ಕಂಬಿ ಬೇಲಿ ಅಂತ ತೋಟದವರ ಕೈಗೆ ಕಾರ್ಡ್ ಕೊಟ್ಟ ದಿನ ಎಕ್ಸ್‌ಕ್ಯಾಲಿಡ್ರಾ ಕೈ ಚೆಲ್ಲಿತು. ಆನೆಗೂ ಹಲಸಿನ ಹಣ್ಣಿನ ಕಾರ್ಡ್ ಇದೆ, ಅದು ಬೇರೆಯವರಿಗೆ ಕಾಣಬಾರದಲ್ವಾ? ಆಮೇಲೆ ಕಾರ್ಡಿನ ಆಟವನ್ನು ಪ್ಲೇಯಿಂಗ್‌ಕಾರ್ಡ್ಸ್ ಡಾಟ್ ಐಒ ಅನ್ನುವ ಕಾರ್ಡ್ ಆಟದ ತಾಣಕ್ಕೆ ಸಾಗಿಸಿದೆ. ಅದೂ ಬ್ರೌಸರಿನದ್ದೇ. ಸ್ಪ್ರೆಡ್‌ಶೀಟಿನಲ್ಲಿ ಕಾರ್ಡುಗಳ ಪಟ್ಟಿ ಬರೆದು ಸಿಎಸ್‌ವಿ (ಪಟ್ಟಿಯನ್ನು ಸಾದಾ ಅಕ್ಷರಗಳಲ್ಲಿ ಇಡುವ) ಫೈಲಾಗಿ ಹಾಕಿದರೆ ಕಟ್ಟು ತಯಾರು. ಅವರವರ ಕೈಯ ಕಾರ್ಡ್ ಅವರಿಗೆ ಮಾತ್ರ ಕಾಣುತ್ತದೆ. ಪಟವನ್ನು ಎಕ್ಸ್‌ಕ್ಯಾಲಿಡ್ರಾದಿಂದ ಚಿತ್ರವಾಗಿ ಇಳಿಸಿ ಅಲ್ಲಿ ಕೂರಿಸಿದ್ದೇನೆ.

ಪ್ರಿಂಟಿಗೂ ಎಕ್ಸ್‌ಕ್ಯಾಲಿಡ್ರಾ ಆಗಿಬರುವುದಿಲ್ಲ, ಮಿಲಿಮೀಟರ್ ಲೆಕ್ಕ ಇದಕ್ಕೆ ಗೊತ್ತಿಲ್ಲ. ಕಾರ್ಡುಗಳನ್ನು ಸ್ಲೈಡ್ ಮಾಡುವ ಲಿಬ್ರೆಆಫೀಸ್ ಇಂಪ್ರೆಸ್‌ನಲ್ಲಿ 63×88 ಮಿ.ಮೀ. ಅಳತೆಗೆ ಇಟ್ಟರೆ ಒಂದು ಎ4 ಹಾಳೆಗೆ 9 ಸರಿಯಾಗಿ ಕೂರುತ್ತವೆ. ಅಂಗಡಿಯವರಿಗೆ "100 ಪರ್ಸೆಂಟ್‌ನಲ್ಲಿ ತೆಗೀರಿ, ಫಿಟ್ ಟು ಪೇಜ್ ಬೇಡ" ಅಂತ ಮೊದಲೇ ಹೇಳಿ. ನಾನು ಹೇಳದೆ ಒಂದು ಕಟ್ಟು ಪೂರ್ತಿ ಕುಗ್ಗಿ ಬಂತು, ಅಂಗಡಿಯಲ್ಲಿ ಕೊಂಡ ಕಾರ್ಡ್ ಕವರಿನೊಳಗೆ ಗಲಗಲ ಅನ್ನುತ್ತಿತ್ತು.

ಎಕ್ಸ್‌ಕ್ಯಾಲಿಡ್ರಾಗೆ 5ಕ್ಕೆ 4 ಕೊಡುತ್ತೇನೆ. ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ನೀವು ಬರೆದದ್ದು ನಿಮ್ಮ ಬ್ರೌಸರಿನೊಳಗೇ ಇರುತ್ತದೆ. ಫೈಲಾಗಿ ಉಳಿಸದೆ, ಲ್ಯಾಪ್‌ಟಾಪ್ ನಿಧಾನ ಆಯ್ತು ಅಂತ ಬ್ರೌಸರಿನ ಡೇಟಾ ಪೂರ್ತಿ ಒರೆಸಿ, 41 ಮನೆಯ ಪಟ ಕಳೆದುಕೊಂಡವನು ನಾನೇ. ಈಗ ಪ್ರತಿ ಆಟದ ನಂತರ ತಾರೀಖು ಹಾಕಿ ಉಳಿಸುತ್ತೇನೆ. ಹೊಸದಾಗಿ ಬರೆಯುವಾಗ ನೆನಪಿಗೆ ಬಂದದ್ದು 27 ಮನೆ ಮಾತ್ರ. ಉಳಿದ 14ನ್ನು ಅಕ್ಕ ಇದುವರೆಗೆ ಒಂದು ಸಲವೂ ಕೇಳಿಲ್ಲ.