ಲರ್ನರ್ಸ್‌ನಲ್ಲಿ ಇರುವವರೇ, "ಸ್ಪೀಡ್ ಕ್ಯಾಮರಾಕ್ಕೆ ಸಿಕ್ಕಿದ್ದೀರಿ" ಅಂತ ದುಡ್ಡು ಕೇಳಿದರೆ ಕೊಡಬೇಡಿ

ಕಾಸರಗೋಡು, ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆ ಡ್ರೈವಿಂಗ್ ಕಲಿಯುತ್ತಿರುವ ಎಲ್ಲರೂ ದಯವಿಟ್ಟು ಇದನ್ನು ಓದಿ. ಮುಖ್ಯವಾಗಿ ಹೆಣ್ಣುಮಕ್ಕಳು, ಮತ್ತೆ ಅವರ ಅಪ್ಪ ಅಮ್ಮ. ನಾನು ಲರ್ನರ್ಸ್ ಲೈಸೆನ್ಸ್‌ನಲ್ಲಿ ಇರುವಾಗ ಸ್ಪೀಡ್ ಕ್ಯಾಮರಾಕ್ಕೆ ಸಿಕ್ಕಿಬಿದ್ದಿದ್ದೇನೆ, ಇನ್ನು ಲೈಸೆನ್ಸ್ ಸಿಗುವುದಿಲ್ಲ ಎಂದು ಹೆದರಿಸಿ ನಮ್ಮ ಮನೆಯಿಂದ 6,500 ರೂಪಾಯಿ ತೆಗೆದುಕೊಂಡಿದ್ದಾರೆ. ನಾನು ಸಿಕ್ಕಿಬಿದ್ದೇ ಇರಲಿಲ್ಲ. ಆ ಹೊತ್ತಿಗೆ ಆ ಕಾರಿನಲ್ಲಿ ನಾನು ಇರಲೇ ಇಲ್ಲ. ಇದನ್ನು ಬರೆಯುವಾಗಲೂ ಸಿಟ್ಟಿಗೆ ಕೈ ನಡುಗುತ್ತಿದೆ.

ಡ್ರೈವಿಂಗ್ ಸ್ಕೂಲಿನ ಹೆಸರು ಹಾಕುತ್ತಿಲ್ಲ. ದೂರು ಕೊಟ್ಟಿದ್ದೇನೆ, ಅದು ಅದರ ದಾರಿಯಲ್ಲಿ ನಡೆಯಲಿ.

ನಮ್ಮ ಕಡೆ ಹೇಗೆ ಅಂತ ನಿಮಗೆ ಗೊತ್ತೇ ಇದೆ. ಸ್ಕೂಲಿನವರೇ ಲರ್ನರ್ಸ್‌ಗೆ ಅರ್ಜಿ ಹಾಕುತ್ತಾರೆ, ಫೀಸ್ ಕಂತಿನಲ್ಲಿ ಕೊಡುತ್ತೇವೆ, ಬೆಳಿಗ್ಗೆ ಆಶಾನ್ (ಡ್ರೈವಿಂಗ್ ಕಲಿಸುವವರು) ಪಕ್ಕದ ಸೀಟಿನಲ್ಲಿ ಕೂತು ಕಲಿಸುತ್ತಾರೆ, ಕೊನೆಗೆ ಎಚ್ (H ಆಕಾರದಲ್ಲಿ ಓಡಿಸಿ ತೋರಿಸುವುದು) ಮತ್ತು ರೋಡ್ ಟೆಸ್ಟಿಗೆ ಅವರೇ ಕರೆದುಕೊಂಡು ಹೋಗುತ್ತಾರೆ. ಎಲ್ಲವೂ ಅವರ ಕೈಯಲ್ಲಿ. ನಮ್ಮ ಅರ್ಜಿ ನಂಬರ್ ಕೂಡ ಅವರ ಫೋನಿನಲ್ಲಿ. ಅವರ ಧೈರ್ಯವೇ ಅದು.

ಒಂದು ದಿನ ಕ್ಲಾಸ್ ಮುಗಿದ ಮೇಲೆ ಆಶಾನ್, "ಆಫೀಸಿಗೆ ಹೋಗಿ ಬನ್ನಿ, ನಿಮ್ಮ ಹತ್ತಿರ ಮಾತಾಡಬೇಕಂತೆ" ಎಂದರು. ಹೋದೆ. ಅಲ್ಲಿ ಬೇರೆ ಹುಡುಗಿಯರೂ ಕೂತಿದ್ದರು. ಅವರೆಲ್ಲರ ಎದುರಿಗೇ ಆಫೀಸಿನವರು ಫೋನ್ ತೋರಿಸಿ, "ಓವರ್ ಸ್ಪೀಡ್. ಕ್ಯಾಮರಾ ಹಿಡಿದಿದೆ. ಓಡಿಸಿದ್ದು ನೀವು" ಎಂದರು. ಸ್ಕೂಲಿನ ಬಿಳಿ ಆಲ್ಟೊ. ನಂಬರ್ ಪ್ಲೇಟ್ ಸ್ಪಷ್ಟ. ಮೇಲೆ ಚಲನ್ ನಂಬರ್. ಕೆಳಗಿನ ಭಾಗ ಇರಲಿಲ್ಲ, ಕತ್ತರಿಸಿದ್ದರು. ಆಗ ಅದು ಯಾರ ತಲೆಗೂ ಹೋಗುವುದಿಲ್ಲ ಅಲ್ವಾ? ಕಾರು ಅದೇ, ಅಷ್ಟೇ ಕಾಣುವುದು.

ಸೀತಾಂಗೋಳಿಯಿಂದ ಬದಿಯಡ್ಕ ಕಡೆಗೆ ಹೋಗುವಾಗ ಒಮ್ಮೆ ಆಶಾನ್ "ಪೇಡಿಕ್ಕಂಡ ಮೋಳೆ, ಸ್ಪೀಡ್ ಕೂಟ್ಟ್" (ಹೆದರಬೇಡ ಮಗಳೇ, ಸ್ಪೀಡ್ ಜಾಸ್ತಿ ಮಾಡು) ಎಂದು ಮಲಯಾಳಂನಲ್ಲಿ ಹೇಳಿದ್ದರು. ನನಗೆ ತಕ್ಷಣ ಅದೇ ನೆನಪಾಯಿತು. ಅವತ್ತಿನದ್ದೇ ಇರಬೇಕು ಎಂದುಕೊಂಡೆ. ಆಶಾನ್ ಕೂಡ ಬಾಗಿಲ ಹತ್ತಿರವೇ ನಿಂತಿದ್ದರು. ಒಂದು ಮಾತೂ ಆಡಲಿಲ್ಲ. ನೆಲ ನೋಡಿಕೊಂಡು ನಿಂತಿದ್ದರು.

ಆಮೇಲೆ ಒಂದೊಂದೇ ಹೇಳತೊಡಗಿದರು. ಲರ್ನರ್ಸ್‌ನಲ್ಲಿ ಕ್ಯಾಮರಾಕ್ಕೆ ಬಿದ್ದರೆ ಲರ್ನರ್ಸ್ ಲಾಕ್ ಆಗುತ್ತದೆ. ಆರು ತಿಂಗಳು ಟೆಸ್ಟ್ ಇಲ್ಲ. ಲರ್ನರ್ಸ್‌ನವರಿಗೆ ದಂಡ ಜಾಸ್ತಿ. ಆರ್‌ಟಿಒ ಮುಂದೆ ಅಪ್ಪನನ್ನು ಕರೆದುಕೊಂಡು ಹಿಯರಿಂಗ್‌ಗೆ ಹೋಗಬೇಕು. "ಹೆಣ್ಣುಮಕ್ಕಳು ಅಲ್ಲೆಲ್ಲ ಯಾಕೆ ಸುಮ್ನೆ ಹತ್ತಿ ಇಳಿಯುವುದು, 6,500 ಕೊಡಿ, ನಾವು ಕ್ಲಿಯರ್ ಮಾಡಿಸುತ್ತೇವೆ" ಎಂದರು. ಪಕ್ಕದಲ್ಲಿ ಕೂತವರೆಲ್ಲ ನನ್ನನ್ನೇ ನೋಡುತ್ತಿದ್ದರು. ಎಷ್ಟು ನಾಚಿಕೆ ಆಯಿತು ಅಂದರೆ, ಅಲ್ಲಿಂದ ಎದ್ದು ಹೋದರೆ ಸಾಕು ಅನಿಸಿತು.

ಮರುದಿನ ಅಪ್ಪ ಬಂದರು. ಅಡಿಕೆ ಮಾರಿದ ದುಡ್ಡಿನಿಂದ ಎಣಿಸಿ ಕೊಟ್ಟರು. ಅವರು ಒಂದು ಕಾಗದ ಮುಂದಿಟ್ಟು ಸೈನ್ ಹಾಕಿ ಎಂದರು. ಪೂರ್ತಿ ಮಲಯಾಳಂ. ನಾವು ಮನೆಯಲ್ಲಿ ಕನ್ನಡದವರು, ಓದಿದ್ದೂ ಕನ್ನಡದಲ್ಲಿ. ಮಲಯಾಳಂ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಇದು ಅವರಿಗೂ ಗೊತ್ತು. "ಇದು ಬರೀ ರಶೀದಿ" ಎಂದರು. ನನ್ನಿಂದಲೂ ಅಪ್ಪನಿಂದಲೂ ಸೈನ್ ಹಾಕಿಸಿಕೊಂಡರು. ಅಪ್ಪ ಆಫೀಸಿನಲ್ಲಿ ಬಯ್ಯಲಿಲ್ಲ. ಮನೆಗೆ ಬಂದ ಮೇಲೂ ಬಯ್ಯಲಿಲ್ಲ. ಆದರೆ "ಇನ್ನು ಸ್ವಲ್ಪ ದಿನ ಕ್ಲಾಸಿಗೆ ಹೋಗುವುದು ಬೇಡ" ಎಂದರು. ಊರಲ್ಲಿ ಯಾರೋ ಅಮ್ಮನ ಹತ್ತಿರ, "ನಿಮ್ಮ ಮಗಳು ಜೋರಾಗಿ ಓಡಿಸಿ ಕ್ಯಾಮರಾಕ್ಕೆ ಬಿದ್ದಳಂತೆ" ಎಂದು ಕೇಳಿದ್ದಾರೆ. ಆಫೀಸಿನಲ್ಲಿ ಆದ ಮಾತು ಊರಿಗೆ ಹೇಗೆ ಬಂತು?

ಭಾವ ಪಿಕಪ್ ಓಡಿಸುತ್ತಾರೆ. ಅವರಿಗೆ ಚಲನ್ ಅಂದರೆ ಏನು ಅಂತ ಚೆನ್ನಾಗಿ ಗೊತ್ತು. ಆಫೀಸಿನವರು ವಾಟ್ಸಾಪಿಗೆ ಕಳಿಸಿದ್ದ ಆ ಕತ್ತರಿಸಿದ ಚಿತ್ರ ನೋಡಿ, "ದಿನಾಂಕ ಎಲ್ಲಿ?" ಎಂದು ಕೇಳಿದರು. ಅದೊಂದೇ ಪ್ರಶ್ನೆ. ಸರ್ಕಾರದ ಪರಿವಾಹನ್‌ನ ಇ-ಚಲನ್ ಸೈಟಿನಲ್ಲಿ ಆ ಚಲನ್ ನಂಬರ್ ಹಾಕಿದೆವು. ಬಂತು. ಅದೇ ಕಾರು, ಅದೇ ಫೋಟೋ. ಭಾನುವಾರ, ಸಂಜೆ 6.50. ಜಾಗ ಬೇಕಲದ ಹತ್ತಿರ, ಕೆಎಸ್‌ಟಿಪಿ ರಸ್ತೆ.

ಭಾನುವಾರ ನಮಗೆ ಕ್ಲಾಸೇ ಇಲ್ಲ. ನನ್ನ ಕ್ಲಾಸ್ ಬೆಳಿಗ್ಗೆ. ನಾನು ಓಡಿಸಿದ್ದು ಕುಂಬಳೆ, ಸೀತಾಂಗೋಳಿ, ಬದಿಯಡ್ಕ ಇಷ್ಟೇ. ಬೇಕಲ ಇರುವುದು ಚಂದ್ರಗಿರಿ ಸೇತುವೆಯ ಆಚೆ, ಆ ಸೇತುವೆ ದಾಟಿ ಒಂದು ದಿನವೂ ಓಡಿಸಿಲ್ಲ. ದಂಡ 1,500 ರೂಪಾಯಿ. ಕೇರಳದಲ್ಲಿ ಕಾರಿನ ಓವರ್ ಸ್ಪೀಡಿಗೆ ಎಲ್ಲರಿಗೂ ಹಾಕುವಷ್ಟೇ. ಇನ್ನೊಂದು ಇದೆ. ಆ 1,500 ಆಗಲೇ ಕಟ್ಟಿ ಆಗಿತ್ತು. ನನ್ನನ್ನು ಆಫೀಸಿಗೆ ಕರೆಯುವ ಮೊದಲೇ ಕಟ್ಟಿದ್ದಾರೆ! ಕಟ್ಟಿ ಮುಗಿದ ಚಲನ್ ತೋರಿಸಿ, "ಕ್ಲಿಯರ್ ಮಾಡಿಸುತ್ತೇವೆ" ಎಂದು ನನ್ನ ಅಪ್ಪನ ಕೈಯಿಂದ 6,500 ತೆಗೆದುಕೊಂಡರು.

ಸ್ಕ್ರೀನ್‌ಶಾಟ್ ತೆಗೆದು ಆಫೀಸಿನವರಿಗೆ ಕಳಿಸಿದೆ. ಉತ್ತರಗಳನ್ನು ಹಾಗೆಯೇ ಹೇಳುತ್ತೇನೆ, ನೀವೇ ನೋಡಿ. ಮೊದಲು ನೀಲಿ ಟಿಕ್ ಮಾತ್ರ. ರಾತ್ರಿ ಒಂದು ವಾಯ್ಸ್: "ಅದು ಕ್ಯಾಮರಾದ ಟೈಮ್ ಬೇರೆ, ಸರ್ವರ್ ಟೈಮ್ ಬೇರೆ, ನಿಮಗೆ ಅದೆಲ್ಲ ಅರ್ಥ ಆಗುವುದಿಲ್ಲ." ಟೈಮ್ ಬೇರೆ ಸರಿ, ಜಾಗವೂ ಬೇರೆಯಾ ಎಂದು ಕೇಳಿದೆ. "ಜಾಗ ಹತ್ತಿರದ ಸ್ಟೇಷನ್‌ದು ಬರುತ್ತದೆ" ಎಂದರು. ಸೀತಾಂಗೋಳಿಗೆ ಬೇಕಲ ಹತ್ತಿರವಾ? ಅದಕ್ಕೆ ಉತ್ತರ ಇಲ್ಲ. ಆಮೇಲೆ, "ಉಳಿದವರೆಲ್ಲ ಕೊಟ್ಟಿದ್ದಾರೆ, ನಿಮಗೆ ಮಾತ್ರ ಸಮಸ್ಯೆ" ಎಂದರು.

ಉಳಿದವರೆಲ್ಲ! ಯಾವ ಉಳಿದವರು? ಒಂದು ಕಾರಿನ ಒಂದು ಚಲನ್‌ಗೆ ಎಷ್ಟು ಜನ ದುಡ್ಡು ಕೊಡಬೇಕು? ನನ್ನ ಜೊತೆ ಕಲಿಯುತ್ತಿದ್ದ ಪೆರ್ಲ ಕಡೆಯ ಒಬ್ಬಳಿಗೆ ಫೋನ್ ಮಾಡಿದೆ. ಅವಳು ಮೊದಲು ಏನೂ ಇಲ್ಲ ಎಂದಳು. ಆಮೇಲೆ ಅತ್ತಳು. ಅವಳಿಗೂ ಅದೇ ಚಿತ್ರ, ಅದೇ ನಂಬರ್, ಅದೇ ಬೆದರಿಕೆ. ಮನೆಯಲ್ಲಿ ಹೇಳಲು ನಾಚಿಕೆಯಾಗಿ ಚಿನ್ನ ಅಡವಿಟ್ಟು ಕೊಟ್ಟಿದ್ದಾಳೆ. ಇದನ್ನು ಕೇಳಿದ ಮೇಲೆ ನನಗೆ ಸುಮ್ಮನೆ ಇರಲು ಆಗಲಿಲ್ಲ. ನಾಚಿಕೆ ಪಡಬೇಕಾದವರು ನಾವಲ್ಲ.

ದುಡ್ಡು ವಾಪಸ್ ಕೇಳಿದಾಗ ಬಂದ ಉತ್ತರ: "ನಿಮಗೆ ಟೆಸ್ಟ್ ಬೇಕಾ ಬೇಡ್ವಾ?" 2024ರಲ್ಲಿ ಹೊಸ ನಿಯಮ ಬಂದು ದಿನಕ್ಕೆ ಇಷ್ಟೇ ಟೆಸ್ಟ್ ಅಂತ ಮಿತಿ ಹಾಕಿದ ಮೇಲೆ ಸ್ಲಾಟ್ ಸಿಗುವುದು ಎಷ್ಟು ಕಷ್ಟ ಅಂತ ಎಲ್ಲರಿಗೂ ಗೊತ್ತು. ಆ ಕಷ್ಟವನ್ನೇ ಹಿಡಿದು ಹೆದರಿಸುತ್ತಾರೆ. ಕೊನೆಗೆ, "ನೀವೇ ಓಡಿಸಿದ್ದು ಅಂತ ಸೈನ್ ಹಾಕಿದ್ದೀರಿ, ಹುಷಾರ್" ಎಂದರು. ಆ ಕಾಗದದ ಫೋಟೋವನ್ನು ಮಲಯಾಳಂ ಓದಲು ಬರುವ ಗೆಳತಿಯ ಹತ್ತಿರ ಓದಿಸಿದೆ. ರಶೀದಿಯೇ ಅಲ್ಲ ಅದು. ಎಷ್ಟು ದುಡ್ಡು ಕೊಟ್ಟೆವು ಅಂತ ಎಲ್ಲೂ ಇಲ್ಲ. ಗಾಡಿ ಓಡಿಸಿದ್ದು ನಾನೇ, ಬರುವ ಎಲ್ಲ ದಂಡಕ್ಕೂ ನಾನೇ ಹೊಣೆ ಅಂತ ಬರೆದಿದ್ದಾರೆ.

ಇದು ಎಷ್ಟು ಅಪಾಯ ಅಂತ ಆಮೇಲೆ ಗೊತ್ತಾಯಿತು. ಮೋಟಾರು ವಾಹನ ಕಾಯ್ದೆಯ 133ನೇ ಸೆಕ್ಷನ್ ಪ್ರಕಾರ, ಪೊಲೀಸರೋ ಎಂವಿಡಿಯವರೋ (ಮೋಟಾರು ವಾಹನ ಇಲಾಖೆಯವರು) ಕೇಳಿದರೆ ಗಾಡಿ ಯಾರು ಓಡಿಸಿದ್ದು ಅಂತ ಮಾಲೀಕರು ಹೇಳಬೇಕು. ನಾಳೆ ಆ ಕಾರು ಎಲ್ಲಾದರೂ ದೊಡ್ಡದೇನಾದರೂ ಮಾಡಿಕೊಂಡರೆ ನನ್ನ ಸೈನ್ ಅವರ ಕೈಯಲ್ಲಿ ಇದೆ. ಒಂದು ಹುಡುಗಿಗೆ ಹೀಗೆ ಮಾಡಬಹುದಾ?

ಆರ್‌ಟಿಒ ಆಫೀಸಿಗೆ ಭಾವನ ಜೊತೆ ನಾನೇ ಹೋದೆ. ಲೈಸೆನ್ಸ್ ಅರ್ಜಿಗಳ ಸರ್ಕಾರಿ ಸೈಟ್ ಸಾರಥಿಯಲ್ಲಿ ನನ್ನ ಅರ್ಜಿ ನೋಡಿದರು. ಯಾವ ಲಾಕ್ ಕೂಡ ಇಲ್ಲ. ಕ್ಯಾಮರಾ ನೋಡುವುದು ನಂಬರ್ ಪ್ಲೇಟ್. ಚಲನ್ ಹೋಗುವುದು ಆರ್‌ಸಿ ಯಾರ ಹೆಸರಲ್ಲಿ ಇದೆಯೋ ಅವರಿಗೆ. ಸ್ಟಿಯರಿಂಗ್ ಹಿಡಿದವರು ಲರ್ನರ್ಸ್‌ನವರಾ ಅಲ್ವಾ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಲರ್ನರ್ಸ್‌ನವರಿಗೆ ಬೇರೆ ದಂಡ ಅಂತ ಇಲ್ಲ. ಲರ್ನರ್ಸ್ ಆರು ತಿಂಗಳು ನಡೆಯುತ್ತದೆ, 30 ದಿನ ಆದ ಮೇಲೆ ಟೆಸ್ಟ್ ಕೊಡಬಹುದು. ಸ್ಕೂಲಿನ ಕಾರಿಗೆ ಬಂದ ಚಲನ್ ಸ್ಕೂಲಿನ ಕಾರಿಗೆ ಬಂದ ಚಲನ್, ಅಷ್ಟೇ.

ಇನ್ನೊಂದು ಮಾತು. ಅವತ್ತು ನಿಜವಾಗಿ ನಾನೇ ಓಡಿಸಿದ್ದರೂ ಪಕ್ಕದಲ್ಲಿ ಬ್ರೇಕ್ ಮೇಲೆ ಕಾಲಿಟ್ಟು ಕೂತವರ ಜವಾಬ್ದಾರಿ ಎಲ್ಲಿ ಹೋಯಿತು? ಕಲಿಸುವವರು ಗಾಡಿಯನ್ನು ನಿಲ್ಲಿಸಲು ಆಗುವ ಹಾಗೆ ಪಕ್ಕದಲ್ಲೇ ಇರಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮದಲ್ಲೇ ಇದೆ. ತನ್ನ ಹಿಡಿತದಲ್ಲಿ ಇರುವವರಿಂದ ಮಿತಿ ಮೀರಿ ಓಡಿಸಿದರೂ ತಪ್ಪು ಎಂದು 183ನೇ ಸೆಕ್ಷನ್ ಹೇಳುತ್ತದೆ. "ಸ್ಪೀಡ್ ಕೂಟ್ಟ್" ಎಂದವರು ಅವರು. ದುಡ್ಡು ಕೊಡಬೇಕಾದವರು ನಾವಾ?

ಕ್ಯಾಮರಾ ಅಂದರೆ ನಮ್ಮ ಕಡೆ ಎಲ್ಲರಿಗೂ ಹೆದರಿಕೆ. 2023ರ ಜೂನ್ 5ರಿಂದ ಎಐ ಕ್ಯಾಮರಾದ ದಂಡ ಶುರುವಾದಾಗಿನಿಂದ ಕಂಬ ಕಂಡರೆ ಸಾಕು, ಜನ ಸ್ಲೋ ಮಾಡುತ್ತಾರೆ. ಆದರೆ ಆ ಯೋಜನೆಯ 726 ಕ್ಯಾಮರಾಗಳಲ್ಲಿ 675 ಕ್ಯಾಮರಾಗಳು ಹೆಲ್ಮೆಟ್, ಸೀಟ್ ಬೆಲ್ಟ್, ಫೋನ್ ಇಂಥದ್ದನ್ನು ನೋಡುವವು. ಸ್ಪೀಡ್ ಅಳೆಯುವವು ಬೇರೆ, ಅವು ಬಹಳ ಕಡಿಮೆ. ಇದನ್ನು ಯಾರೂ ನಮಗೆ ಹೇಳುವುದಿಲ್ಲ. ಹೆದರಿಕೆ ಇದ್ದಷ್ಟು ದಿನ ಇಂಥವರಿಗೆ ಲಾಭ.

ಯಾರಾದರೂ ನಿಮ್ಮ ಹತ್ತಿರ ಚಲನ್ ಅಂತ ದುಡ್ಡು ಕೇಳಿದರೆ ಪೂರ್ತಿ ಚಲನ್ ಕೇಳಿ. ಫೋಟೋ, ದಿನಾಂಕ, ಸಮಯ, ಜಾಗ, ಅಳೆದ ಸ್ಪೀಡ್, ಎಲ್ಲವೂ ಇರಬೇಕು ಎಂದು ನಿಯಮವೇ ಇದೆ. ಕತ್ತರಿಸಿದ ಚಿತ್ರ ಕೊಟ್ಟರೆ ಎದ್ದು ಬನ್ನಿ. ನಿಮ್ಮ ಅರ್ಜಿ ನಂಬರ್ ನಿಮ್ಮ ಹತ್ತಿರವೇ ಇರಲಿ, ಸಾರಥಿಯಲ್ಲಿ ನೀವೇ ನೋಡಿ. ಓದಲು ಬಾರದ ಭಾಷೆಯ ಕಾಗದಕ್ಕೆ ಸೈನ್ ಹಾಕಬೇಡಿ, ಎಷ್ಟು ಒತ್ತಾಯ ಮಾಡಿದರೂ. ಮತ್ತೆ ಫಾರಂ 15 ಕೇಳಿ. ಯಾರು ಯಾವ ದಿನ ಎಷ್ಟು ಹೊತ್ತು ಓಡಿಸಿದರು ಅಂತ ಡ್ರೈವಿಂಗ್ ಸ್ಕೂಲಿನವರು ಬರೆದಿಡಬೇಕಾದ ರಿಜಿಸ್ಟರ್ ಅದು. ನಾನು ಕೇಳಿದಾಗ, "ಅದೆಲ್ಲ ನಿಮಗೆ ತೋರಿಸುವುದಲ್ಲ" ಎಂದರು. ಯಾಕೆ ತೋರಿಸುವುದಿಲ್ಲ ಅಂತ ಈಗ ಅರ್ಥ ಆಗುತ್ತದೆ.

ಮನೆಯ ಕಾರಿನಲ್ಲಿ ಕಲಿಯುವವರಿಗೆ ಮಾತ್ರ ಒಂದು ವಿಷಯ ನಿಜಕ್ಕೂ ಗಂಭೀರ. ಪಕ್ಕದಲ್ಲಿ ಲೈಸೆನ್ಸ್ ಇರುವವರು ಇಲ್ಲದೆ ಒಬ್ಬರೇ ಓಡಿಸಿ ಸಿಕ್ಕಿದರೆ ಅದು ಲೈಸೆನ್ಸ್ ಇಲ್ಲದೆ ಓಡಿಸಿದ ಹಾಗೆ. ಓಡಿಸಿದವರಿಗೂ ಕಾರು ಕೊಟ್ಟವರಿಗೂ ತಲಾ 5,000ದವರೆಗೆ ಹೋಗುತ್ತದೆ, ಜೈಲಿನ ಮಾತೂ ಕಾಯ್ದೆಯಲ್ಲಿದೆ. ಅದು ಬೇರೆ, ಇವರು ನನಗೆ ಹೇಳಿದ ಸುಳ್ಳು ಬೇರೆ.

ಡ್ರೈವಿಂಗ್ ಸ್ಕೂಲಿಗೆ ಲೈಸೆನ್ಸ್ ಕೊಡುವುದು, ಬೇಕಾದರೆ ಅಮಾನತು ಮಾಡುವುದು ಆರ್‌ಟಿಒ ಕೈಯಲ್ಲೇ ಇರುವುದರಿಂದ ಅಲ್ಲಿಗೂ ಪೊಲೀಸರಿಗೂ ಬರೆದು ಕೊಟ್ಟಿದ್ದೇನೆ. ಪೆರ್ಲದ ಗೆಳತಿಯೂ ಸೈನ್ ಹಾಕಿದ್ದಾಳೆ. ನಾನು ಬೇರೆ ಸ್ಕೂಲಿಗೆ ಸೇರಿದ್ದೇನೆ, ಅಪ್ಪನೇ ಕರೆದುಕೊಂಡು ಹೋಗಿ ಸೇರಿಸಿದರು. 6,500ರಲ್ಲಿ ಒಂದು ರೂಪಾಯಿಯೂ ವಾಪಸ್ ಬಂದಿಲ್ಲ. ಬಿಳಿ ಆಲ್ಟೊ, ಕೆಳಗಿನ ಭಾಗ ಕತ್ತರಿಸಿದ ಚಲನ್. ಇದೇ ಚಿತ್ರ ನಿಮಗೋ ನಿಮ್ಮ ಮನೆಯ ಹುಡುಗಿಗೋ ಬಂದಿದ್ದರೆ ನನಗೆ ಮೆಸೇಜ್ ಮಾಡಿ. ದೂರಿಗೆ ನಿಮ್ಮ ಹೆಸರನ್ನೂ ಸೇರಿಸುತ್ತೇವೆ.