ವೈರಿನ ವರ್ಕ್ ಲೈಟೋ, ಬ್ಯಾಟರಿಯದೋ?
ಒದ್ದೆ ನೆಲದಲ್ಲಿ, ಕಬ್ಬಿಣದ ಟ್ಯಾಂಕಿನೊಳಗೆ ಕೆಲಸವಿದ್ದರೆ ಯೋಚನೆಯೇ ಬೇಡ, ಬ್ಯಾಟರಿ ಲೈಟನ್ನೇ ಒಯ್ಯಿರಿ. ಚಾರ್ಜರ್ ಹೊರಗೇ ಇರಲಿ. ಪೆಟ್ರೋಲ್, ಥಿನ್ನರ್ ಆವಿ ಇದ್ದಲ್ಲಿ ಮಾತ್ರ ಸಾಮಾನ್ಯ ಲೈಟು ಎರಡೂ ಬೇಡ, ಒಳಗಿನ ಕಿಡಿ ಹೊರಗಿನ ಆವಿಗೆ ಬೆಂಕಿ ಹತ್ತಿಸದ ಫ್ಲೇಮ್‌ಪ್ರೂಫ್ ಲೈಟೇ ಬೇಕು.

ದಿನವಿಡೀ ಒಂದೇ ಕಡೆ ಬೆಳಕು ಬೇಕಿದ್ದರೆ ವೈರಿನ ಎಲ್‌ಇಡಿ ವಾಸಿ. ಅದನ್ನು 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿತಗೊಳಿಸುವ ಸ್ವಿಚ್) ಮೂಲಕವೇ ಹಚ್ಚಿ. ಮೊದಲು ಅದರ ಟೆಸ್ಟ್ ಬಟನ್ ಒತ್ತಿ, ಟ್ರಿಪ್ ಆಗಿ ಕರೆಂಟ್ ನಿಲ್ಲುತ್ತದೆಯೇ ನೋಡಿ. ವೈರಿನ ಲೈಟು ಕೆಡುವುದು ಹೆಚ್ಚಾಗಿ ವೈರು ಬಾಡಿಯೊಳಗೆ ಹೋಗುವ ಜಾಗದಲ್ಲಿ. ಎಳೆದಾಟಕ್ಕೆ ಅಲ್ಲಿ ವೈರನ್ನು ಹಿಡಿದಿಡುವ ಕ್ಲಾಂಪ್ ಸಡಿಲವಾಗಿ ಹೊರಕವಚ ಹಿಂದೆ ಸರಿಯುತ್ತದೆ, ಒಳಗಿನ ಬಣ್ಣದ ವೈರುಗಳು ಇಣುಕುತ್ತವೆ. ಟೇಪ್ ಸುತ್ತಿ ಸುಮ್ಮನಾಗಬೇಡಿ. ಪ್ಲಗ್ಗನ್ನು ಸಾಕೆಟ್ಟಿನಿಂದ ಕಿತ್ತು, ಹಾಳಾದ ತುದಿ ಕತ್ತರಿಸಿ, ಹೊರಕವಚವನ್ನೇ ಕ್ಲಾಂಪಿನಡಿ ಬಿಗಿಯಿರಿ. ಅರ್ಥ್ ವೈರನ್ನು ತುಸು ಉದ್ದ ಬಿಡಿ: ಜಗ್ಗಿದಾಗ ಕೊನೆಗೆ ಕಳಚುವುದು ಅದೇ ಆಗಿರಬೇಕು. ಲೋಹದ ಬಾಡಿಗೆ ಅರ್ಥ್ ಇದ್ದರೆ ಪ್ಲಗ್ಗಿನ ಅರ್ಥ್ ಪಿನ್ನಿಗೂ ಬಾಡಿಗೂ ಮಲ್ಟಿಮೀಟರ್ ಹಿಡಿದು ಕಂಟಿನ್ಯೂಟಿ, ಅಂದರೆ ಸಂಪರ್ಕ ಕಡಿಯದೆ ಇದೆಯೇ ಎಂದು ನೋಡಿ.

ಬ್ಯಾಟರಿಯದಕ್ಕೆ ಇಷ್ಟು ಉಪಚಾರ ಬೇಡ. ತಿಂಗಳುಗಟ್ಟಲೆ ಎತ್ತಿಡುವಾಗ ಲಿಥಿಯಂ ಪ್ಯಾಕಿನಲ್ಲಿ ಅರ್ಧದಷ್ಟು ಚಾರ್ಜ್ ಇರಲಿ. ಪ್ಯಾಕ್ ಉಬ್ಬಿದ್ದರೆ ಚಾರ್ಜಿಗೆ ಹಾಕಲೇಬೇಡಿ, ಬೆಂಕಿ ಹತ್ತಬಹುದು.

ಹಳೆಯ 500 ವ್ಯಾಟ್ ಹ್ಯಾಲೊಜೆನ್? ಮುಟ್ಟಿದರೆ ಕೈ ಸುಡುತ್ತದೆ, ಮರದ ಪುಡಿ ಹೊತ್ತಿಕೊಳ್ಳುತ್ತದೆ. ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ.