ಲಿನಕ್ಸ್ ಮಿಂಟ್ 22: ಡಿಟಿಪಿ ಅಂಗಡಿಯ ಅನುಭವ

ಹಾಸನದ ನ್ಯಾಯಾಲಯದ ಸಮೀಪ ಅರ್ಜಿ, ಕರಾರುಪತ್ರ, ಲಗ್ನಪತ್ರಿಕೆಗಳನ್ನು ಬೆರಳಚ್ಚು ಮಾಡಿಕೊಡುವ ನಮ್ಮ ಅಂಗಡಿಯಲ್ಲಿ ಇರುವುದು ಎರಡೇ ಕಂಪ್ಯೂಟರು. ಎರಡೂ ಐದನೇ ತಲೆಮಾರಿನ ಐ3 ಪ್ರೊಸೆಸರಿನವು, 4 ಜಿಬಿ ರ್‍ಯಾಮಿನವು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನು ಕೇಳುತ್ತದೆ, ಅದಿರಲಿ, ನಮ್ಮ ಪ್ರೊಸೆಸರು ಅದರ ಪಟ್ಟಿಯಲ್ಲಿಯೇ ಇಲ್ಲ. ಹಾಗಾಗಿ ಒಂದು ಯಂತ್ರಕ್ಕೆ 2024ರ ಜುಲೈನಲ್ಲಿ ಬಿಡುಗಡೆಯಾದ ಲಿನಕ್ಸ್ ಮಿಂಟ್ 22 ಎಂಬ ಉಚಿತ ಆಪರೇಟಿಂಗ್ ಸಿಸ್ಟಮನ್ನು ಹಾಕಿಕೊಂಡೆ. ಉಬುಂಟು 24.04 ಎಂಬ ಇನ್ನೊಂದು ಲಿನಕ್ಸ್ ವ್ಯವಸ್ಥೆಯ ಮೇಲೆ ಕಟ್ಟಿದ ಈ ಆವೃತ್ತಿಗೆ 2029ರವರೆಗೆ ಅಪ್‌ಡೇಟ್ ದೊರೆಯುತ್ತದೆ.

ಸ್ಥಾಪನೆಯ ಬಗ್ಗೆ ಹೇಳುವಂಥದ್ದೇನೂ ಇಲ್ಲ, ಸಲೀಸಾಗಿ ಮುಗಿಯಿತು. ನನಗಿದ್ದ ಅಳುಕೆಲ್ಲ ಕನ್ನಡದ್ದು. ಟೈಪಿಂಗ್ ಭಾಷೆ ಬದಲಿಸಿಕೊಡುವ ಐಬಸ್ ತಂತ್ರಾಂಶದ ಜೊತೆಗೆ ಹಲವು ಭಾಷೆಗಳ ಕೀಲಿ ವಿನ್ಯಾಸಗಳಿರುವ ಎಂ17ಎನ್ ಪ್ಯಾಕೇಜನ್ನು ಸೇರಿಸಿ ಕೆಜಿಪಿ ಎಂಬ ಕನ್ನಡ ಕೀಲಿಮಣೆ ವಿನ್ಯಾಸವನ್ನು ಆರಿಸಿಕೊಂಡಾಗ, ನುಡಿ ತಂತ್ರಾಂಶದಲ್ಲಿ ಪಳಗಿದ ಬೆರಳುಗಳು ಎಫ್ ಕೀಲಿ ಒತ್ತಿ ಒತ್ತಕ್ಷರ ಮೂಡಿಸುವ ಅಭ್ಯಾಸವನ್ನು ಬಿಡಬೇಕಾಗಲಿಲ್ಲ. ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳು ಮಿಂಟಿನ ತಂತ್ರಾಂಶ ಭಂಡಾರದಲ್ಲಿಯೇ ಸಿಗುತ್ತವೆ. ಪತ್ರ ಬರೆಯುವ ಲಿಬ್ರೆಆಫೀಸ್ ತಂತ್ರಾಂಶದಲ್ಲಿ ಮಾತ್ರ ಇಂಗ್ಲಿಷಿಗೊಂದು, ಕನ್ನಡಕ್ಕೊಂದು ಫಾಂಟನ್ನು ಬೇರೆಬೇರೆಯಾಗಿ ನಿಗದಿ ಮಾಡಬೇಕು. ಇದು ತಿಳಿಯದೆ ಮೊದಲ ದಿನ ಒಂದು ಕರಾರುಪತ್ರವನ್ನು ಮೂರು ಬಾರಿ ಮುದ್ರಿಸಿದೆ.

ನಿಜವಾದ ತೊಡಕು ಎದುರಾದದ್ದು ಹಳೆಯ ಕಡತಗಳಲ್ಲಿ. ಹದಿನೈದು ವರ್ಷಗಳಿಂದ ಆಸ್ಕಿ ಫಾಂಟಿನಲ್ಲಿ, ಅಂದರೆ ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ಆಕಾರ ಕೂರಿಸಿದ ಹಳೆಯ ಫಾಂಟಿನಲ್ಲಿ, ಕೂಡಿಟ್ಟ ಮಾದರಿ ಅರ್ಜಿಗಳನ್ನು ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಕೇತವಿರುವ ಯುನಿಕೋಡಿಗೆ ಪರಿವರ್ತಿಸದೆ ಇಲ್ಲಿ ತಿದ್ದುವುದು ಕಷ್ಟ. ಆಸ್ಕಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ಬಳಿಕ ಬರುತ್ತದೆ, ಯುನಿಕೋಡಿನಲ್ಲಿ ಉಚ್ಚಾರಣೆಯಂತೆ ಮೊದಲು ಬರುತ್ತದೆ. ನಾನು ಬಳಸಿದ ಪರಿವರ್ತಕ ಕೆಲವೆಡೆ ಇದರಲ್ಲಿ ಎಡವಿದ್ದರಿಂದ ‘ಅರ್ಜಿದಾರ’ ಎಂಬ ಪದವನ್ನೇ ಪುಟಪುಟವೂ ಹುಡುಕಿ ಸರಿಪಡಿಸಬೇಕಾಯಿತು. ಈ ದೋಷವನ್ನು ಮಿಂಟ್ ತಲೆಗೆ ಕಟ್ಟುವುದು ನ್ಯಾಯವಲ್ಲ. ಪ್ರಿಂಟರಿನ ವಿಷಯ ಹಾಗಲ್ಲ: ಮುದ್ರಣ ತಾನಾಗಿ ಶುರುವಾದರೂ ಅದರ ಸ್ಕ್ಯಾನರಿಗೆ ಡ್ರೈವರ್ ಹುಡುಕಲು ಎರಡು ಸಂಜೆ ಹಿಡಿದವು.

ಬೆರಳಚ್ಚು, ಪಹಣಿ ಮುದ್ರಣ, ಆನ್‌ಲೈನ್ ಅರ್ಜಿ ಇಷ್ಟೇ ಕೆಲಸವಿರುವವರಿಗೆ ಇದನ್ನು ಧಾರಾಳವಾಗಿ ಹೇಳಬಲ್ಲೆ. ಆಫ್‌ಸೆಟ್ ಮುದ್ರಣದವರು ಮಾತ್ರ ಇಂದಿಗೂ ವಿಂಡೋಸಿನಲ್ಲಿ ಓಡುವ ಹಳೆಯ ಪುಟವಿನ್ಯಾಸ ತಂತ್ರಾಂಶವಾದ ಪೇಜ್‌ಮೇಕರಿನ ಕಡತವನ್ನೇ ಕೇಳುತ್ತಾರೆ. ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳಲ್ಲಿ ಕರಪತ್ರದ ಕೆಲಸವೆಲ್ಲ ಅವರ ಮೂಲಕವೇ ನಡೆಯಬೇಕು. ಅದಕ್ಕಾಗಿ ಇನ್ನೊಂದು ಯಂತ್ರವನ್ನು, ಇಂಟರ್ನೆಟ್ ಕೇಬಲ್ ಕಿತ್ತು, ವಿಂಡೋಸ್ 10ರಲ್ಲಿಯೇ ಉಳಿಸಿಕೊಂಡಿದ್ದೇನೆ.